ಒಗ್ಗರಣೆ ಘಾಟು ಹಾಲ್‌ಗೆ ಬಾರದಂತೆ ಮಾಡುವುದು ಹೇಗೆ?

ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಹಾಲ್‌ನಲ್ಲಿ ಟಿವಿ ನೋಡುತ್ತಿದ್ದವರಿಗೂ ಕೆಮ್ಮು. ಎಕ್ಸಾಸ್ಟ್ ಫ್ಯಾನ್ ಇಲ್ಲವೆಂದಲ್ಲ, ಗರಗರ ತಿರುಗುತ್ತಲೇ ಇರುತ್ತದೆ. ‘ಗಾಳಿ ಬರಲಿ’ ಅಂತ ಅದರ ಪಕ್ಕದ ಕಿಟಕಿಯನ್ನೂ ಪೂರ್ತಿ ತೆರೆದಿಟ್ಟಿರುತ್ತಾರೆ. ಬೆಂಗಳೂರಿನ ಎಷ್ಟೋ ಫ್ಲ್ಯಾಟುಗಳಲ್ಲಿ ಇದನ್ನೇ ನೋಡಿದ್ದೇನೆ. ಎಡವಟ್ಟು ಅಲ್ಲೇ.

ಸೌದೆ ಒಲೆಯ ಜೊತೆ ಹೊಗೆಯೂ ಹೋಯಿತು ಅಂದುಕೊಳ್ಳಬೇಡಿ. ಗ್ಯಾಸಿನ ನೀಲಿ ಉರಿಯಿಂದಲೂ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ. ಕಾದ ಎಣ್ಣೆಯಿಂದ ಏಳುವ, ಪಿಎಂ 2.5 ಎನ್ನುವ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ದಮ್ಮು ಇರುವವರಿಗೂ ಮಕ್ಕಳಿಗೂ ಹೆಚ್ಚು ತೊಂದರೆ.

ಮೊದಲು ಸ್ವಿಚ್ಚು ಆರಿಸಿ ಫ್ಯಾನಿನ ರೆಕ್ಕೆಯ ಜಿಡ್ಡನ್ನು ಸೋಪಿನ ಬಿಸಿನೀರಿನಲ್ಲಿ ತೊಳೆಯಿರಿ.

ಇನ್ನು ಗಾಳಿಯ ದಾರಿ. ಫ್ಯಾನು ಎಷ್ಟು ಗಾಳಿ ಹೊರಹಾಕುತ್ತದೋ ಅಷ್ಟೇ ಗಾಳಿ ಎಲ್ಲಿಂದಲೋ ಒಳಬರಬೇಕು. ಪಕ್ಕದ ಕಿಟಕಿ ತೆರೆದಿದ್ದರೆ ಫ್ಯಾನು ಅಲ್ಲಿಂದಲೇ ಎಳೆದು ಅಲ್ಲೇ ಬಿಡುತ್ತದೆ, ಒಲೆಯ ಮೇಲಿನ ಹೊಗೆ ಕದಲುವುದಿಲ್ಲ. ಆ ಕಿಟಕಿ ಮುಚ್ಚಿ. ಮನೆಯ ಇನ್ನೊಂದು ತುದಿಯ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆಯಿರಿ, ನಡುವಿನ ಬಾಗಿಲುಗಳೂ ತೆರೆದಿರಲಿ. ಎಲ್ಲವನ್ನೂ ಮುಚ್ಚಿದರೆ ಬಚ್ಚಲಿನ ವಾಸನೆ ಮನೆಯೊಳಗೆ ಬರುತ್ತದೆ. ಗ್ಯಾಸ್ ಗೀಸರ್ ಇದ್ದರಂತೂ ಅಪಾಯ: ಅದರ ಹೊಗೆ ವಾಪಸು ಎಳೆದುಕೊಂಡು ಬರಬಹುದು, ಅದರಲ್ಲಿರಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ದಾರಿ ಸರಿಯಾಗಿದೆಯೇ ಎಂದು ನೋಡಲು ಒಂದು ಊದುಬತ್ತಿ ಸಾಕು. ದೂರದ ಕಿಟಕಿಯ ಹತ್ತಿರ ಹಿಡಿದರೆ ಹೊಗೆ ಒಳಮುಖವಾಗಿ ಬಾಗಬೇಕು, ಒಲೆಯ ಬಳಿ ಫ್ಯಾನಿನ ಕಡೆಗೆ ಎಳೆಯಬೇಕು. ಸುಮ್ಮನೆ ಮೇಲಕ್ಕೆ ಹೋದರೆ ಇನ್ನೊಂದು ಕಿಟಕಿ ತೆರೆದು ನೋಡಿ. ಮುಂಗಾರಿನ ಪಡುವಣ ಗಾಳಿಗೆ ಪಶ್ಚಿಮ ಗೋಡೆಯ ಫ್ಯಾನು ಸೋಲುತ್ತದೆ, ಆಗ ಮತ್ತೊಮ್ಮೆ ಪರೀಕ್ಷಿಸಿ. ನೋಡಿದ ಮೇಲೆ ಬತ್ತಿ ಆರಿಸಿ, ಅದರದ್ದೂ ಹೊಗೆಯೇ. ಯುಟಿಲಿಟಿಗೆ (ಅಡುಗೆಮನೆ ಹಿಂದಿನ ಬಾಲ್ಕನಿಗೆ) ಗಾಜು ಹಾಕಿಸಿ ಫ್ಯಾನಿನ ಬಾಯಿಯನ್ನು ಅದರೊಳಕ್ಕೇ ಬಿಟ್ಟವರಿಗೆ ನನ್ನಲ್ಲಿ ಉಪಾಯವಿಲ್ಲ, ಗಾಜು ಸರಿಸಲೇಬೇಕು.

ಪೈಪಿಲ್ಲದ ಚಿಮಣಿ ಮಾತ್ರ ಕೊಳ್ಳಬೇಡಿ. ಜಿಡ್ಡು ಸೋಸಿ ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಅದಕ್ಕಿಂತ 9 ಇಂಚಿನ ಮಾಮೂಲಿ ಫ್ಯಾನು ಸಾವಿರ ಪಾಲು ವಾಸಿ. ರೂಮ್ ಸ್ಪ್ರೇ ಹೊಡೆದರೆ ಘಾಟಿನ ಜೊತೆ ಇನ್ನೊಂದಿಷ್ಟು ರಾಸಾಯನಿಕ, ಅಷ್ಟೇ. ಮನಿ ಪ್ಲಾಂಟು ಅಂದಕ್ಕೆ ಇರಲಿ, ಹೊಗೆಗೆ ಅದು ಮದ್ದಲ್ಲ.

ಕೊನೆಯದಾಗಿ, ಒಲೆ ಹಚ್ಚುವ ಮುಂಚೆಯೇ ಫ್ಯಾನ್ ಹಾಕಿ, ಕರಿಯುವುದು, ಹುರಿಯುವುದು ಫ್ಯಾನಿಗೆ ಹತ್ತಿರದ ಬರ್ನರಿನಲ್ಲಿರಲಿ. ಒಲೆ ಆರಿಸಿದ ಮೇಲೂ 15 ನಿಮಿಷ ಫ್ಯಾನು ತಿರುಗಲಿ. ಕರೆಂಟ್ ದಂಡ ಅಂತ ಯಾರಾದರೂ ಸ್ವಿಚ್ಚಿಗೆ ಕೈ ಹಾಕಿದರೆ ಲೆಕ್ಕ ಹೇಳಿ: 40 ವ್ಯಾಟಿನ ಫ್ಯಾನು ಹೀಗೆ ನೂರು ಸಲ ತಿರುಗಿದರೆ ಒಂದು ಯೂನಿಟ್.