ನಕ್ಷೆಯ ಗುರುತು ನಿಮ್ಮ ಬಾಗಿಲಿಗೇ ಬೀಳುತ್ತದೆಯೇ? ಪರೀಕ್ಷಿಸಿ, ಸರಿಪಡಿಸಿ

ಪಕ್ಕದ ಮನೆಯ ಅಜ್ಜನಿಗೆ ಎದೆನೋವು ಬಂದ ರಾತ್ರಿ ಆಂಬುಲೆನ್ಸ್ ನಮ್ಮ ಸೆಕ್ಟರಿಗೆ ಬೇಗನೇ ಬಂತು, ಮನೆಗೆ ಬರಲಿಲ್ಲ. ಚಾಲಕ ನಾಲ್ಕು ರಸ್ತೆಯಾಚೆ, ಉದ್ಯಾನದ ಬೇಲಿಯ ಪಕ್ಕ ನಿಂತು ಫೋನ್ ಮಾಡಿದರು: “ನಕ್ಷೆ ಇಲ್ಲೇ ತೋರಿಸುತ್ತಿದೆ ರೀ, ನಿಮ್ಮ ಮನೆ ಯಾವ ಕಡೆ?” ನಾನು ಬ್ಯಾಟರಿ ಹಿಡಿದು ಓಡಿದೆ. ಅಜ್ಜ ಉಳಿದರು. ಆ ಹತ್ತು ನಿಮಿಷವನ್ನು ಮಾತ್ರ ನಾನು ಮರೆತಿಲ್ಲ.

ತಪ್ಪು ಚಾಲಕರದಲ್ಲ. ವಿಳಾಸದಲ್ಲಿ ಪ್ಲಾಟ್ ಸಂಖ್ಯೆ ಇತ್ತು, ನಕ್ಷೆಗೆ ಗೊತ್ತಿದ್ದದ್ದು ಸೆಕ್ಟರ್ ಮಾತ್ರ. ಹಾಗಾಗಿ ಅದು ಸೆಕ್ಟರಿನ ನಟ್ಟನಡುವೆ ಗುರುತು ಇಟ್ಟುಬಿಟ್ಟಿತು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರಿಗೆ ಈ ತೊಂದರೆ ಬೇಗ ಅರ್ಥವಾಗುತ್ತದೆ. ಹಳೇ ಊರಿನಲ್ಲಿ ಓಣಿ, ಮನೆತನದ ಹೆಸರು ಹೇಳಿದರೆ ಸಾಕಿತ್ತು. ಇಲ್ಲಿ ಸಂಖ್ಯೆಯೇ ವಿಳಾಸ, ಆ ಸಂಖ್ಯೆ ನಕ್ಷೆಯಲ್ಲಿ ಇರಲೇಬೇಕೆಂದಿಲ್ಲ.

ಮೊದಲು ಪರೀಕ್ಷೆ. ನಿಮ್ಮ ವಿಳಾಸವನ್ನು ಮೊಬೈಲಿನ ಗೂಗಲ್ ಮ್ಯಾಪ್ಸ್ ನಕ್ಷೆಯಲ್ಲಿ ಹುಡುಕಿ, ಉಪಗ್ರಹ ಚಿತ್ರಕ್ಕೆ ಬದಲಿಸಿ. ಗುರುತು ನಿಮ್ಮ ಮನೆಯ ಮಾಳಿಗೆಯ ಮೇಲಿದೆಯೇ, ರಸ್ತೆಯ ಮೇಲೋ, ಬಯಲಿನಲ್ಲೋ? ಈಗ ಮನೆ ಸಂಖ್ಯೆಯನ್ನಷ್ಟೇ ಬದಲಿಸಿ ಮತ್ತೆ ಹುಡುಕಿ: 40 ಇದ್ದರೆ 240 ಎನ್ನಿ. ಗುರುತು ಕದಲದಿದ್ದರೆ ನಕ್ಷೆ ನಿಮ್ಮ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದು ತಿಳಿಯಿರಿ. ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ಸಿಕ್ಕಿಲ್ಲ.

ಹೀಗೇಕೆ? ವಿಳಾಸವನ್ನು ಬಿಂದುವಾಗಿಸುವ ಗೂಗಲ್‌ನ ಸೇವೆ ತನ್ನ ಉತ್ತರಗಳನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸುತ್ತದೆ: ನಿಖರವಾಗಿ ಕಟ್ಟಡವೇ, ಎರಡು ಗೊತ್ತಿರುವ ಜಾಗಗಳ ನಡುವಿನ ಅಂದಾಜು, ರಸ್ತೆ ಅಥವಾ ಪ್ರದೇಶದ ಮಧ್ಯಬಿಂದು, ಮತ್ತು ಬರೀ ಸುಮಾರು. ಎರಡನೆಯದನ್ನು ಹೀಗೆ ಯೋಚಿಸಿ. ರಸ್ತೆಯ ಒಂದು ತುದಿ 1, ಇನ್ನೊಂದು ತುದಿ 99 ಎಂದು ತಿಳಿದಿದ್ದರೆ 50ನೇ ಮನೆ ನಡುವೆ ಇರಬೇಕೆಂಬ ಲೆಕ್ಕ. ಬೆಸ ಸಂಖ್ಯೆ ಒಂದು ಬದಿ, ಸಮ ಸಂಖ್ಯೆ ಇನ್ನೊಂದು ಬದಿ ಇರುವ ದೇಶಗಳಲ್ಲಿ ಇದು ಬಹುಮಟ್ಟಿಗೆ ನಡೆಯುತ್ತದೆ. ನಮ್ಮ ಪ್ಲಾಟ್ ಸಂಖ್ಯೆಗಳು ರಸ್ತೆಯ ಲೆಕ್ಕವಲ್ಲ, ಬಡಾವಣೆಯ ಲೆಕ್ಕ. ಬೆಳಗಾವಿಯ ಸಿಟಿಎಸ್ (ನಗರ ಸರ್ವೆ) ಸಂಖ್ಯೆಯೂ ಹಾಗೆಯೇ, ಅದು ಭೂಮಾಪನದ್ದು. ತೋಟದ ಮನೆಯವರ ಪಾಡು ಇನ್ನೂ ಕಷ್ಟ: ಊರಿನ ಹೆಸರು ಹಾಕಿದರೆ ಗುರುತು ಊರ ಮಧ್ಯೆ ಬೀಳುತ್ತದೆ, ಮನೆ ಮೂರು ಕಿಲೋಮೀಟರ್ ಆಚೆ ಕಬ್ಬಿನ ಹೊಲದಲ್ಲಿರುತ್ತದೆ. ಇಷ್ಟಾಗಿಯೂ ಮೊಬೈಲ್ ಪರದೆಯ ಮೇಲೆ ಅಂದಾಜಿಗೂ ಅದೇ ಕೆಂಪು ಗುರುತು, ನಿಖರಕ್ಕೂ ಅದೇ. ಈ ವ್ಯತ್ಯಾಸವನ್ನು ಬಳಸುವವರಿಗೆ ತೋರಿಸಲೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಎರಡನೆಯದು, ನೀವೇ ಗುರುತು ಇಡುವುದು. ಉಪಗ್ರಹ ಚಿತ್ರವನ್ನು ಹಿಗ್ಗಿಸಿ, ಮನೆಯ ಗೇಟಿನ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಮಾಳಿಗೆಯ ಮೇಲಲ್ಲ, ಗೇಟಿನ ಮೇಲೆ. ದಾರಿ ತೋರಿಸುವ ತಂತ್ರಾಂಶ ಸಾಮಾನ್ಯವಾಗಿ ಗುರುತಿಗೆ ಹತ್ತಿರದ ರಸ್ತೆಗೆ ಕರೆದೊಯ್ಯುತ್ತದೆ. ಗುರುತು ಹಿತ್ತಿಲ ಕಡೆಗೆ ವಾಲಿದ್ದರೆ ಬಂದವರು ಹಿಂದಿನ ಓಣಿಯಲ್ಲಿ ಗೋಡೆ ನೋಡುತ್ತ ನಿಲ್ಲುತ್ತಾರೆ.

ಗುರುತು ಬಿದ್ದೊಡನೆ ಅಕ್ಷಾಂಶ, ರೇಖಾಂಶದ ಅಂಕಿಗಳು ಸಿಗುತ್ತವೆ. ದಶಾಂಶ ಬಿಂದುವಿನ ನಂತರದ ಅಂಕಿಗಳನ್ನು ಕತ್ತರಿಸಬೇಡಿ. ಎರಡೇ ಉಳಿಸಿಕೊಂಡರೆ ಸುಮಾರು ಒಂದು ಕಿಲೋಮೀಟರಿನ ಅಳತೆ, ನಾಲ್ಕಕ್ಕೆ ಸುಮಾರು 11 ಮೀಟರ್, ಐದಕ್ಕೆ ಸುಮಾರು ಒಂದು ಮೀಟರ್. ಜೊತೆಗೆ ಪ್ಲಸ್ ಕೋಡ್ ಕೂಡ ಕಾಣುತ್ತದೆ; ಅದು ನೆಲವನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಕೊಟ್ಟ ಅಕ್ಷರ-ಅಂಕಿಗಳ ಗುರುತು. ಅದರ ಹತ್ತು ಅಕ್ಷರಗಳ ಚೌಕ ಸುಮಾರು 14 ಮೀಟರ್ ಅಗಲ. 30×40 ಅಡಿಯ ನಿವೇಶನ ಎಂದರೆ ಸುಮಾರು 9×12 ಮೀಟರ್. ಹೀಗಾಗಿ ಒಂದೇ ಕೋಡಿನಲ್ಲಿ ನೆರೆಮನೆಯೂ ಸೇರಿಕೊಳ್ಳಬಹುದು. ಅಂಚೆ ಇಲಾಖೆ 2025ರಲ್ಲಿ ಜಾಲತಾಣದಲ್ಲಿ ಒದಗಿಸಿದ ಡಿಜಿಪಿನ್ ಎಂಬ ಇಂಥದ್ದೇ ಕೋಡ್ ಸುಮಾರು 4 ಮೀಟರ್ ಚೌಕಕ್ಕೆ ಇಳಿಯುತ್ತದೆ. ಒತ್ತೊತ್ತಾಗಿ ಮನೆಗಳಿರುವ ಕಡೆ ನಾನು ಅದನ್ನೇ ಆರಿಸುತ್ತೇನೆ.

ವಾಟ್ಸ್ಆ್ಯಪ್‌ನಲ್ಲಿ ಈಗಿನ ಸ್ಥಳ ಕಳುಹಿಸುವುದಾದರೆ ಒಳಕೋಣೆಯಿಂದ ಬೇಡ, ಅಂಗಳಕ್ಕೆ ಬನ್ನಿ. ಎಷ್ಟು ಮೀಟರ್ ನಿಖರ ಎಂಬುದನ್ನು ಅದೇ ಬರೆದು ತೋರಿಸುತ್ತದೆ. ಆ ಅಂಕಿ ಇಳಿಯುವವರೆಗೆ ಕಾದು ಕಳುಹಿಸಿ.

ನಕ್ಷೆಯಲ್ಲಿ ಇಲ್ಲದ ವಿಳಾಸವನ್ನು ಸೇರಿಸುವ ಅವಕಾಶ ಗೂಗಲ್ ಮ್ಯಾಪ್ಸ್‌ನಲ್ಲಿದೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿಯೂ ಇದೆ. ಮನೆ ಸಂಖ್ಯೆ, ರಸ್ತೆ ಸಾಕು. ಮನೆಯವರ ಹೆಸರು, ಫೋನ್ ಹಾಕಬೇಡಿ.

ಕೊನೆಯದು ಕಾಗದದ ಕೆಲಸ. ಗಾಬರಿಯಲ್ಲಿ ಯಾರಿಗೂ ನಕ್ಷೆ ತೆರೆಯಲು ಕೈ ಬರುವುದಿಲ್ಲ. ಅಜ್ಜನ ಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ಈಗ ಒಂದು ಹಾಳೆ ಅಂಟಿದೆ. ಮೇಲೆ 108. ಅದರ ಕೆಳಗೆ ಸೆಕ್ಟರ್, ಪ್ಲಾಟ್ ಸಂಖ್ಯೆ, ಡಿಜಿಪಿನ್, ಮತ್ತು “ನೀರಿನ ಟ್ಯಾಂಕ್ ದಾಟಿ ಎಡಕ್ಕೆ, ಹಸಿರು ಗೇಟು”. ಅಜ್ಜಿ ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ.