ಮಳೆ ಲೆಕ್ಕದ ಹಾಳೆ: ಗೊಬ್ಬರದಂಗಡಿಯ ಜಾಹೀರಾತಿನಲ್ಲಿ ನನ್ನ ಅನುಭವ

ತೀರ್ಥಹಳ್ಳಿ ಸುತ್ತಿನ ಸುಮಾರು 350 ಅಡಿಕೆ ಬೆಳೆಗಾರರ ಜಗುಲಿಯಲ್ಲಿ ಈ ಮಳೆಗಾಲವಿಡೀ ನಮ್ಮ ಗೊಬ್ಬರದಂಗಡಿ ಬಿಟ್ಟಿ ಕೊಟ್ಟ ಮಳೆ ಲೆಕ್ಕದ ಹಾಳೆ ತೂಗುತ್ತಿತ್ತು. ಬೆಳಿಗ್ಗೆ ಮನೆಯ ಯಜಮಾನರು ಅಂಗಳದ ಮಳೆಮಾಪಕ ನೋಡಿ, ಹಿಂದಿನ ದಿನದ ಮಳೆ ಎಷ್ಟು ಇಂಚು ಎಂದು ಅದರಲ್ಲಿ ಬರೆಯುತ್ತಿದ್ದರು. ಬಿಟ್ಟಿ ಕೊಟ್ಟ ಕಾಗದ ಒಲೆಗೆ ಹೋಗುತ್ತದೆ ಎಂದು ಅಣ್ಣನೂ, ಅಂಗಡಿಗೆ ಬರುವ ಕಂಪನಿ ಪ್ರತಿನಿಧಿಗಳೂ ಮೂರು ವರ್ಷ ಹೇಳುತ್ತಲೇ ಇದ್ದರು. ಈಗ ಹೇಳುವುದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ಹಣದ ಲೆಕ್ಕ. ದಿನಪತ್ರಿಕೆಯೊಳಗೆ ಇಟ್ಟು ಹಂಚಿಸಿದ 5,000 ಕರಪತ್ರಕ್ಕೆ ಏಳು ಸಾವಿರ ರೂಪಾಯಿಯ ಮೇಲೆ ಹೋಯಿತು. ಅದನ್ನು ನೋಡಿ ಬಂದೆ ಎಂದವರು ನಾಲ್ಕೈದು ಜನ. ರಸ್ತೆ ಬದಿಯ ಗೋಡೆಗೆ ಬಣ್ಣದಲ್ಲಿ ಬರೆಸಿದ್ದಕ್ಕೆ ಹನ್ನೆರಡು ಸಾವಿರ. ಆಗಸ್ಟ್ ಹೊತ್ತಿಗೆ ಪಾಚಿ ಕಟ್ಟಿ ಅಕ್ಷರವೇ ಕಾಣದಾಯಿತು. ಮರುವರ್ಷ ಕ್ಯಾಲೆಂಡರಿಗೆ ಇಪ್ಪತ್ತೆರಡು ಸಾವಿರ ಸುರಿದೆ. ಬ್ಯಾಂಕು, ಸಹಕಾರ ಸಂಘ, ಚಿನ್ನದಂಗಡಿ ಎಲ್ಲರೂ ಕ್ಯಾಲೆಂಡರ್ ಕೊಡುವ ಊರಿನಲ್ಲಿ ನಮ್ಮದು ಸುರುಳಿ ಬಿಚ್ಚದೆಯೇ ಅಟ್ಟ ಸೇರಿತು.

ಮಲೆನಾಡಿನವರು ಮಳೆಯ ಲೆಕ್ಕವನ್ನು ಕ್ಯಾಲೆಂಡರಿನ ಮೂಲೆಯಲ್ಲೋ ಹಳೆಯ ಡೈರಿಯಲ್ಲೋ ಬರೆದಿಡುವುದು ಹೊಸದೇನಲ್ಲ. ಆ ಬರಹಕ್ಕೆ ಒಂದು ಅಚ್ಚುಕಟ್ಟಾದ ಜಾಗವನ್ನೂ, ಅದರ ಪಕ್ಕದಲ್ಲೇ ಕೊಳೆ ಔಷಧಿಯ (ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ರೋಗಕ್ಕೆ ಹೊಡೆಯುವ ಔಷಧಿ) ಲೆಕ್ಕವನ್ನೂ ಕೊಟ್ಟರೆ ಹಾಳೆಯನ್ನು ಮೊಳೆಯಿಂದ ಇಳಿಸಲಾರರು ಎಂದು ನನಗೆ ಅನ್ನಿಸಿತು. ಒಂದು ಬದಿಯಲ್ಲಿ ಮೃಗಶಿರಾದಿಂದ ಹಿಡಿದು ನಕ್ಷತ್ರವಾರು ದಿನದ ಮನೆಗಳು. ಇನ್ನೊಂದು ಬದಿಯಲ್ಲಿ ಆ ಔಷಧಿಯ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಶೇಕಡಾ 1ರ ಬೋರ್ಡೋ ದ್ರಾವಣದ ವಿಧಾನ, ಮೊದಲ ಸಲ ಹೊಡೆಸಿದ ದಿನ ಮತ್ತು ಅಲ್ಲಿಂದ 40–45 ದಿನಕ್ಕೆ ಬರುವ ಎರಡನೆಯ ಸಲದ ದಿನ.

ಮೊದಲ ವರ್ಷ 200 ಹಾಳೆ ಮಾಡಿಸಿ ಕೈಸುಟ್ಟುಕೊಂಡೆ. ಸಾದಾ ರಟ್ಟು ಜುಲೈ ಶೀತಕ್ಕೆ ಬೂಷ್ಟು ಹಿಡಿದು ಬಾಗಿತು. ಅದಕ್ಕಿಂತ ದೊಡ್ಡ ತಪ್ಪು, ಮೇಲಿನ ಅರ್ಧ ಭಾಗವನ್ನು ಅಂಗಡಿಯ ಹೆಸರಿಗೇ ಕೊಟ್ಟದ್ದು. "ಬರೆಯುವ ಜಾಗಕ್ಕಿಂತ ನಿಮ್ಮ ಹೆಸರೇ ದೊಡ್ಡದಿದೆಯಲ್ಲ ಮಾರಾಯ್ರೇ" ಎಂದು ಹಿರಿಯ ಗಿರಾಕಿಯೊಬ್ಬರು ನೇರವಾಗಿ ಹೇಳಿದರು. ಮರುವರ್ಷ ಹೆಸರನ್ನು ಹಾಳೆಯ ಬುಡಕ್ಕೆ, ಒಂದು ಬೆರಳಿನ ಅಗಲಕ್ಕೆ ಇಳಿಸಿದೆ. ಬರೆಯುವ ಕೈ ದಿನವೂ ಅಲ್ಲಿಗೇ ಊರುವುದರಿಂದ ಹೆಸರು ಮೊದಲಿಗಿಂತ ಹೆಚ್ಚು ಕಣ್ಣಿಗೆ ಬಿತ್ತು. ನೀರು ತಾಗಿದರೂ ಹಾಳಾಗದ, ಆದರೆ ಸಾದಾ ಬಾಲ್‌ಪೆನ್ ಹಿಡಿಯುವ ಕಾಗದವನ್ನು ಹುಡುಕಲು ಒಂದು ಬೇಸಿಗೆಯೇ ಹೋಯಿತು. ಅದನ್ನು ಎಲ್ಲಿಂದ ತರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಆ ವರ್ಷವೇ ಇನ್ನೊಂದು ಪೆಟ್ಟು ಬಿತ್ತು. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂದಷ್ಟೇ ಅಚ್ಚು ಹಾಕಿಸಿದ್ದೆ. ಹಳೆಯ ಸುಣ್ಣದಲ್ಲಿ ಸತ್ವ ಇಲ್ಲದಿದ್ದರೆ ದ್ರಾವಣ ಹುಳಿಯಾಗಿಯೇ ಉಳಿದು ಎಳೆಗಾಯಿಯನ್ನು ಸುಡುತ್ತದೆ. ಇಬ್ಬರ ತೋಟದಲ್ಲಿ ಹಾಗೇ ಆಯಿತು. ಅವರ ಮುಂದಿನ ಸಲದ ಸರಕನ್ನು ನಾನೇ ಹಣ ಪಡೆಯದೆ ಕೊಟ್ಟೆ. ಆಮೇಲಿನ ಹಾಳೆಯಲ್ಲಿ ಚೂರಿಯ ಪರೀಕ್ಷೆಯನ್ನು ದಪ್ಪ ಅಕ್ಷರದಲ್ಲಿ ಸೇರಿಸಿದೆ: ತಿಕ್ಕಿ ಬೆಳಗಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣದ ತಿಳಿ ಇನ್ನೂ ಬೇಕು. ಜೊತೆಗೆ ದ್ರಾವಣ ಹುಳಿಯಿದ್ದರೆ ಕೆಂಪಾಗುವ ನೀಲಿ ಲಿಟ್ಮಸ್ ಕಾಗದದ ಹತ್ತು ಎಳೆಗಳನ್ನು ಜಿಪ್ ಕವರಿನಲ್ಲಿ ಹಾಕಿ ಹಾಳೆಗೆ ಪಿನ್ ಮಾಡಿದೆ. ಇಷ್ಟೂ ಸೇರಿ ಒಂದಕ್ಕೆ 28–30 ರೂಪಾಯಿ ಬಿತ್ತು. ಜನ ಅಂಗಡಿಗೆ ಬಂದು ಹಾಳೆಯನ್ನು ಕೇಳಿ ಪಡೆಯಲು ಶುರುಮಾಡಿದ್ದು ಈ ಎಳೆಗಳಿಗಾಗಿಯೇ ಎಂದು ನನ್ನ ನಂಬಿಕೆ.

ನಡುವೆ ಮಿಸ್ಡ್ ಕಾಲ್ ಪ್ರಯೋಗವನ್ನೂ ಮಾಡಿದೆ. ಬಿಹಾರ, ಜಾರ್ಖಂಡ್‌ಗಳಲ್ಲಿ ಹಿಂದೂಸ್ತಾನ್ ಯುನಿಲಿವರ್ ಕಂಪನಿಯು ಮಿಸ್ಡ್ ಕಾಲ್ ಕೊಟ್ಟವರಿಗೆ ಹಾಡು, ಹಾಸ್ಯವನ್ನು ಉಚಿತವಾಗಿ ಕೇಳಿಸಿ, ನಡುನಡುವೆ ತನ್ನ ಜಾಹೀರಾತು ಹಾಕುತ್ತಿದ್ದ 'ಕಾನ್ ಖಜೂರಾ ಟೇಸನ್' ನನಗೆ ಮಾದರಿಯಾಗಿತ್ತು. ಕರೆ ಮಾಡಿದವರಿಗೆ ಅಡಿಕೆ ಧಾರಣೆ ಹೇಳುವ ವ್ಯವಸ್ಥೆಗೆ ಮೂರು ತಿಂಗಳಲ್ಲಿ ಒಂಬತ್ತು ಸಾವಿರ ಖರ್ಚಾಯಿತು. ಅಲ್ಲಿ ವಿದ್ಯುತ್ ಇಲ್ಲದ ಹಳ್ಳಿಗೂ ಫೋನು ತಲುಪುತ್ತಿತ್ತು. ಇಲ್ಲಿ ಜುಲೈನಲ್ಲಿ ನೆಟ್‌ವರ್ಕೇ ಇರುವುದಿಲ್ಲ. ಧಾರಣೆಯಂತೂ ವಾಟ್ಸ್ಆ್ಯಪ್‌ನಲ್ಲಿ ನನಗಿಂತ ಮೊದಲೇ ಬಂದಿರುತ್ತಿತ್ತು. ನಿಲ್ಲಿಸಿದೆ.

ಮಳೆಮಾಪಕ ಇಲ್ಲದವರಿಗಾಗಿ ಅಂಗಡಿಯ ತಾರಸಿಯಲ್ಲಿ ಐದು ಬಗೆಯ ಪಾತ್ರೆ ಇಟ್ಟು ಹೋಲಿಸಿ ನೋಡಿದ್ದೂ ಉಂಟು. ಬುಡದಿಂದ ಬಾಯಿಯವರೆಗೆ ಒಂದೇ ಅಗಲದ ನೇರ ಡಬ್ಬಿಯಲ್ಲಿ ನಿಂತ ನೀರನ್ನು ಅಡಿಪಟ್ಟಿಯಿಂದ ಅಳೆದರೆ ಸಾಕು, ಮಾಪಕಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಬಾಯಿ ಅಗಲ, ಬುಡ ಕಿರಿದಾದ ಬಕೆಟ್ಟು ಮಳೆಯನ್ನು ಹೆಚ್ಚು ತೋರಿಸುತ್ತದೆ. ಇದನ್ನೂ ಎರಡು ಸಾಲಿನಲ್ಲಿ ಹಾಳೆಗೆ ಸೇರಿಸಿದೆ.

ನವೆಂಬರಿನಲ್ಲಿ ತುಂಬಿದ ಹಾಳೆ ತಂದವರಿಗೆ ಅದರ ನಕಲು ತೆಗೆದುಕೊಂಡು ಮುಂದಿನ ವರ್ಷದ್ದನ್ನು ಕಾದಿರಿಸುತ್ತೇನೆ. ಮೊದಲ ವರ್ಷ 30 ಹಾಳೆ ಮರಳಿದವು, ಎರಡನೆಯ ವರ್ಷ 400ರಲ್ಲಿ 210ರಷ್ಟು. ಎರಡು ಟನ್ ಆಸುಪಾಸಿನಲ್ಲಿದ್ದ ಮೈಲುತುತ್ತದ ಮಾರಾಟ ಈ ವರ್ಷ ನಾಲ್ಕು ಟನ್ ದಾಟಿದೆ. ಅದರಲ್ಲಿ ಲಾಭ ತೀರ ಕಡಿಮೆ. ಆದರೆ ಜೊತೆಗೆ ಹೋಗುವ ಸುಣ್ಣ, ಔಷಧಿ ಕಾಯಿಗೆ ಅಂಟಲು ಬೆರೆಸುವ ರಾಳ, ಪೈಪಿನಲ್ಲಿ ಹಾಳೆಯ ಖರ್ಚು ಹುಟ್ಟಿ ಮಿಕ್ಕುತ್ತದೆ.

ಜುಲೈ ಕೊನೆಯ ವಾರ ರಾತ್ರಿ ಎಂಟಕ್ಕೆ ಗಿರಾಕಿಯೊಬ್ಬರ ಫೋನ್ ಬಂತು. "ಹಾಳೆ ನೋಡಿದರೆ ಇವತ್ತಿಗೆ 42 ದಿನ. ಔಷಧಿ ಹೊಡೆಯುವ ಕೊನೆಗಾರ ನಾಳೆ ಬರುತ್ತಾನಂತೆ, ಇಪ್ಪತ್ತು ಕೆ.ಜಿ. ತುತ್ತ ಎತ್ತಿಡಿ" ಎಂದರು. ಅಣ್ಣನೇ ಫೋನ್ ಎತ್ತಿದ್ದ. ಚೀಲ ತೂಗಿ ಬಾಗಿಲ ಬಳಿ ಇಟ್ಟವನೂ ಅವನೇ.