ನನ್ನ ಕಾರಿಗೆ 16, ಭಾವನ ಕಾರಿಗೆ 22: ಮೈಲೇಜ್ ಅಳೆದು ನೋಡಿದ ಅನುಭವ

"ನಿನ್ನ ಕಾರು ಎಷ್ಟು ಕೊಡುತ್ತೆ?" ಅಂತ ಭಾವ ಕೇಳಿದರು. 16 ಅಂದೆ. ತಮ್ಮದು 22 ಕೊಡುತ್ತೆ ಅಂದರು. ಎರಡೂ ಸಣ್ಣ ಪೆಟ್ರೋಲ್ ಕಾರುಗಳು, ಎರಡಕ್ಕೂ 1.2 ಲೀಟರ್ ಎಂಜಿನ್. ತೂಕವೂ ಹೆಚ್ಚುಕಡಿಮೆ ಒಂದೇ. ಹಾಗಿರುವಾಗ 6 ಕಿ.ಮೀ. ವ್ಯತ್ಯಾಸ ಎಲ್ಲಿಂದ ಬಂತು? ನನ್ನ ಕಾರಿನಲ್ಲೇ ಏನೋ ತೊಂದರೆ ಇರಬೇಕು ಅಂತ ಸರ್ವಿಸ್‌ಗೆ ಬಿಟ್ಟೆ. ಪ್ಲಗ್, ಏರ್ ಫಿಲ್ಟರ್ ಎರಡನ್ನೂ ಬದಲಾಯಿಸಿದ್ದಾಯಿತು. ಮೈಲೇಜ್ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ, ಮೊದಲು ಸರಿಯಾಗಿ ಅಳೆದು ನೋಡೋಣ ಅಂತ ಒಂದು ನೋಟ್‌ಬುಕ್ ತೆಗೆದು ಕಾರಿನಲ್ಲಿಟ್ಟೆ.

ವಿಧಾನ ಎಲ್ಲರಿಗೂ ಗೊತ್ತಿರುವುದೇ. ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತರಬೇಕು. ಓಡಿಸಿ, ಮತ್ತೆ ಫುಲ್ ಮಾಡಿಸಬೇಕು. ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಖರ್ಚಾಗಿದೆ ಅಂತ ಲೆಕ್ಕ. ನನಗೆ ಮೊದಲ ಸಲ 395 ಕಿ.ಮೀ.ಗೆ 23 ಲೀಟರ್ ಹಿಡಿಯಿತು, ಅಂದರೆ 17.2. ಎರಡನೇ ಸಲ 379 ಕಿ.ಮೀ.ಗೆ 26 ಲೀಟರ್, ಅಂದರೆ 14.6. ಅದೇ ರಸ್ತೆ, ಅದೇ ಕಾರು, ಓಡಿಸಿದ್ದೂ ನಾನೇ. ಹೀಗೆ ಆಗಲು ಸಾಧ್ಯವೇ ಇಲ್ಲ ಅನ್ನಿಸಿತು.

ಮುಂದಿನ ಸಲ ಬಂಕ್‌ನಲ್ಲಿ ಕೆಳಗಿಳಿದು ಪಕ್ಕದಲ್ಲೇ ನಿಂತು ನೋಡಿದೆ. ಗನ್ ಪೂರ್ತಿ ಒತ್ತಿ ಹಿಡಿದಾಗ ಪೆಟ್ರೋಲ್ ರಭಸವಾಗಿ ನುಗ್ಗಿ, ಕೊಳವೆಯ ಬಾಯಿಗೆ ನೊರೆ ಉಕ್ಕಿ ಬಂತು. ಟಕ್ ಅಂತ ಗನ್ ಕಟ್ ಆಯಿತು. ನೊರೆ ಇಳಿಯಲಿ ಅಂತ ಕಾದು, ನಿಧಾನಕ್ಕೆ ಬಿಡಿಸಿದರೆ ಮತ್ತೂ ಒಂದೂವರೆ ಲೀಟರ್ ಹಿಡಿಯಿತು! ಗನ್‌ನ ತುದಿಯಲ್ಲಿ ಗಾಳಿ ಎಳೆಯುವ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಅಲ್ಲಿವರೆಗೆ ಬಂದು ಅದು ಮುಚ್ಚಿಕೊಂಡರೆ ಒಳಗಿನ ವಾಲ್ವ್ ಬೀಳುತ್ತದೆ. ತೂತು ಮುಚ್ಚಿದ್ದು ಪೆಟ್ರೋಲೋ ನೊರೆಯೋ ಅಂತ ಗನ್‌ಗೆ ಗೊತ್ತಾಗುವುದಿಲ್ಲ. ಅಂದರೆ ನಾನು 'ಫುಲ್' ಅಂದುಕೊಂಡಿದ್ದು ಪ್ರತಿ ಸಲ ಬೇರೆ ಬೇರೆ ಮಟ್ಟ. ಮೊದಲ ಲೆಕ್ಕದಲ್ಲಿ 2 ಲೀಟರ್ ಕಡಿಮೆ ತುಂಬಿತ್ತು ಅಂತ ಇಟ್ಟುಕೊಳ್ಳಿ. ಆ 2 ಲೀಟರ್ ಎರಡನೇ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಸರಿಪಡಿಸಿ ನೋಡಿದರೆ ಎರಡೂ ಸಲ 15.8!

ಅಲ್ಲಿಂದ ಮುಂದೆ ಅದೇ ಬಂಕ್, ಅದೇ ಪಂಪ್, ಕಾರು ನಿಲ್ಲಿಸುವ ಜಾಗವೂ ಅದೇ. ನೆಲ ಸ್ವಲ್ಪ ಓರೆ ಇದ್ದರೂ ಟ್ಯಾಂಕ್ ಹಿಡಿಯುವ ಅಳತೆ ಬದಲಾಗುತ್ತದೆ. ಗನ್ ಅರ್ಧ ಮಾತ್ರ ಒತ್ತಿ, ನಿಧಾನಕ್ಕೆ ತುಂಬಿ ಅಂತ ಮೊದಲೇ ಹೇಳುತ್ತಿದ್ದೆ. ಮೊದಲ ಕಟ್‌ಗೆ ನಿಲ್ಲಿಸಿಬಿಡುವುದು. ಕುತ್ತಿಗೆವರೆಗೆ ತುಂಬಿಸುವ ಅಭ್ಯಾಸ ದಯವಿಟ್ಟು ಬೇಡ. ಟ್ಯಾಂಕಿನ ಆವಿ ಹೀರಿಕೊಳ್ಳುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಿದರೆ ಅದು ಹಾಳಾಗುತ್ತದೆ.

ಇನ್ನೊಂದು ವಿಷಯ ಲೆಕ್ಕ ಬರೆಯುತ್ತಾ ಗೊತ್ತಾಯಿತು. ಪ್ರತಿ ಟ್ಯಾಂಕಿನ ಮೈಲೇಜ್ ತೆಗೆದು ಅವುಗಳ ಸರಾಸರಿ ಮಾಡಬಾರದು. ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು. ಹಾಗೆ ಮಾಡಿದರೆ ನಡುವೆ ತುಂಬಿಸಿದಾಗ ಆದ ಹೆಚ್ಚುಕಡಿಮೆಯೆಲ್ಲ ತಾನಾಗಿ ವಜಾ ಆಗುತ್ತದೆ. ಒಂದರಲ್ಲಿ ಕಡಿಮೆಯಾದದ್ದು ಮುಂದಿನದರಲ್ಲಿ ಬಂದೇ ಬರುತ್ತದಲ್ವಾ? ತಪ್ಪು ಉಳಿಯುವುದು ಮೊದಲ ಮತ್ತು ಕೊನೆಯ ಫುಲ್‌ನಲ್ಲಿ ಮಾತ್ರ. ಅದಕ್ಕೇ ಕಡಿಮೆ ಅಂದರೂ ಮೂರು ಟ್ಯಾಂಕ್ ಬೇಕು. ಒಂದೇ ಟ್ಯಾಂಕ್ ನೋಡಿ ಹೇಳಿದ ಮೈಲೇಜನ್ನು ನಾನೀಗ ನಂಬುವುದಿಲ್ಲ.

ಲೀಟರ್ ಸರಿಯಾಯಿತು. ಕಿಲೋಮೀಟರ್ ಸರಿ ಇದೆಯಾ? ಹೆದ್ದಾರಿಯ ಕಲ್ಲುಗಳನ್ನೂ ಫೋನಿನ ಜಿಪಿಎಸ್ಸನ್ನೂ ಹಿಡಿದು ನೋಡಿದೆ. ನನ್ನ ಮೀಟರ್ 100 ತೋರಿಸಿದಾಗ ಓಡಿದ್ದು 97.5 ಕಿ.ಮೀ. ಟೈರ್ ಸವೆದಷ್ಟೂ ಚಕ್ರದ ಸುತ್ತಳತೆ ಕಮ್ಮಿಯಾಗುತ್ತದೆ. ಅದೇ ದೂರಕ್ಕೆ ಚಕ್ರ ಜಾಸ್ತಿ ಸುತ್ತುತ್ತದೆ, ಮೀಟರ್ ಜಾಸ್ತಿ ತೋರಿಸುತ್ತದೆ. ಹಳೇ ಟೈರಿನಲ್ಲಿ ಮೈಲೇಜ್ ಚೆನ್ನಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಭಾವನ ಮೀಟರಿನಲ್ಲಿ ತಪ್ಪು ಶೇಕಡಾ 1 ಮಾತ್ರ ಇತ್ತು. ಕೆಳಗಿನ ಅಂಕಿಗಳಲ್ಲಿ ಎರಡನ್ನೂ ಸರಿಪಡಿಸಿದ್ದೇನೆ.

ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನೂ ಪಕ್ಕದಲ್ಲಿ ಬರೆದಿಡುತ್ತಿದ್ದೆ. ನಿಜವಾದ 15.4ಕ್ಕೆ ನನ್ನದು 16.9 ತೋರಿಸುತ್ತಿತ್ತು. ಭಾವನದೂ ಜಾಸ್ತಿಯೇ ತೋರಿಸುತ್ತಿತ್ತು, ಆದರೆ ನನ್ನದರಷ್ಟಲ್ಲ. ಒಂದೇ ಕಾರಿನಲ್ಲಿ ಈ ವಾರ ಹೇಗೆ, ಹೋದ ವಾರ ಹೇಗೆ ಅಂತ ನೋಡಲು ಅದು ಸಾಕು. ಎರಡು ಕಾರು ಹೋಲಿಸಲು ಮಾತ್ರ ಅದನ್ನು ಬಳಸಬೇಡಿ.

ಇಷ್ಟೆಲ್ಲ ಮಾಡಿದರೂ ನನ್ನದು 15.4, ಭಾವನದು 21.4. ವ್ಯತ್ಯಾಸ ಹಾಗೇ ಇತ್ತು. ಆಗ ಭಾವನನ್ನು ಕೇಳಿದೆ: "ಒಂದೂವರೆ ತಿಂಗಳು ಕಾರು ಅದಲುಬದಲು ಮಾಡಿಕೊಳ್ಳೋಣವಾ? ನಿಮ್ಮ ಕಾರು ನನ್ನ ಕೆಲಸಕ್ಕೆ, ನನ್ನದು ನಿಮ್ಮ ಕೆಲಸಕ್ಕೆ." ಅವರು ಒಂದು ಕ್ಷಣ ಯೋಚಿಸಿ ಬೀಗದ ಕೈ ಕೊಟ್ಟರು. ಎರಡೂ ಕಾರಿಗೆ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ, ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಗಾಳಿ ತುಂಬಿಸಿದೆವು. ಎಸಿ ಎಂದಿನಂತೆ. ಪೆಟ್ರೋಲೂ ಒಂದೇ ಬಗೆಯದು. ಯಾಕೆಂದರೆ ಪೆಟ್ರೋಲಿಗೆ ಬೆರೆಸುವ ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಮಿಶ್ರಣ ಬದಲಾದರೆ ಮೈಲೇಜೂ ಬದಲಾಗುತ್ತದೆ.

ಮೂರು ಮೂರು ಟ್ಯಾಂಕ್ ಆದ ಮೇಲೆ ಇಬ್ಬರ ನೋಟ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿದೆವು. ನನ್ನ ರಸ್ತೆಯಲ್ಲಿ ಭಾವನ ಕಾರು ಕೊಟ್ಟದ್ದು 16.0. ಅವರ ರಸ್ತೆಯಲ್ಲಿ ನನ್ನ ಕಾರು ಕೊಟ್ಟದ್ದು 20.5. 6 ಕಿ.ಮೀ.ನಲ್ಲಿ ಕಾರಿನ ಪಾಲು ಒಂದು ಕಿಲೋಮೀಟರೂ ಇಲ್ಲ! ಉಳಿದದ್ದೆಲ್ಲ ರಸ್ತೆಯದು, ಓಡಿಸುವ ಕೈಯದು. ನನ್ನದು ಊರೊಳಗಿನ ಓಡಾಟ, ಒಂದೊಂದು ಸಲಕ್ಕೆ ಆರೇಳು ಕಿ.ಮೀ. ಅಷ್ಟೇ. ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು, ಆಯಿಲ್ಲೂ ಗಟ್ಟಿ ಇರುತ್ತದೆ. ಜೊತೆಗೆ ಸಿಗ್ನಲ್, ಸೆಕೆಂಡ್ ಗೇರ್, ಮತ್ತೆ ಬ್ರೇಕ್. ಭಾವ ಒಂದೇ ಏಟಿಗೆ 50 ಕಿ.ಮೀ. ಹೋಗುವವರು, 80 ದಾಟುವವರಲ್ಲ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು ಆಗುತ್ತದೆ, ಹಾಗಾಗಿ 80ರಲ್ಲಿ ನಿಲ್ಲುವುದರಿಂದ ಒಳ್ಳೆಯ ಉಳಿತಾಯ.

ಲೀಟರಿಗೆ ಎಷ್ಟು ಅನ್ನುವ ಬದಲು 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ನೋಡಿದಾಗ ಇನ್ನೂ ಸ್ಪಷ್ಟವಾಯಿತು. ನನ್ನ ರಸ್ತೆಯಲ್ಲಿ 6.49 ಮತ್ತು 6.25. ಅವರ ರಸ್ತೆಯಲ್ಲಿ 4.88 ಮತ್ತು 4.67. ಎರಡೂ ಕಡೆ ಕಾರುಗಳ ನಡುವಿನ ಅಂತರ ಕಾಲು ಲೀಟರಿಗಿಂತ ಕಮ್ಮಿ. ಸಣ್ಣ ಕಾರುಗಳಲ್ಲಿ ಲೀಟರಿಗೆ ಇಷ್ಟು ಅನ್ನುವ ಲೆಕ್ಕ ಸಣ್ಣ ವ್ಯತ್ಯಾಸವನ್ನೂ ದೊಡ್ಡದಾಗಿ ಕಾಣಿಸುತ್ತದೆ. 10ರಿಂದ 12.5ಕ್ಕೆ ಏರಿದರೆ 100 ಕಿ.ಮೀ.ಗೆ 2 ಲೀಟರ್ ಉಳಿಯುತ್ತದೆ, 20ರಿಂದ 25ಕ್ಕೆ ಏರಿದರೂ ಉಳಿಯುವುದು ಒಂದೇ ಲೀಟರ್.

ಕಾರು ಮಾರಿ ಬೇರೆ ತೆಗೆದುಕೊಳ್ಳುವ ಯೋಚನೆ ಬಿಟ್ಟೆ. ಅಂಗಡಿ, ಬ್ಯಾಂಕ್ ಅಂತ ನಾಲ್ಕು ಸಲ ಹೊರಡುತ್ತಿದ್ದದ್ದನ್ನು ಈಗ ಒಂದೇ ಸುತ್ತಿನಲ್ಲಿ, ಎಂಜಿನ್ ಬಿಸಿ ಇರುವಾಗಲೇ ಮುಗಿಸುತ್ತಿದ್ದೇನೆ. ನೋಟ್‌ಬುಕ್‌ನಲ್ಲಿ ಇದರ ಎರಡನೇ ಟ್ಯಾಂಕ್ ನಡೆಯುತ್ತಿದೆ. ಮೂರನೆಯದು ಮುಗಿಯುವವರೆಗೆ ಭಾವನಿಗೆ ಅಂಕಿ ಹೇಳುವುದಿಲ್ಲ.